ರಾತ್ರಿ ಮೂರರ ಹೆದರಿಕೆ ನನ್ನನ್ನು ಬಿಟ್ಟದ್ದು ಹೀಗೆ

ಹೆದರಿಕೆ ಹೋಗಲು ದೇವರ ಪ್ರೀತಿ ಸಾಕು ಎಂದು ನಾನು ಅಂದಾಗ ನಮ್ಮ ಪ್ರಾರ್ಥನಾ ಗುಂಪಿನಲ್ಲೇ ಯಾರೂ ಒಪ್ಪಲಿಲ್ಲ. ‘ನಿನ್ನ ನಂಬಿಕೆ ಇನ್ನೂ ಬಲವಾಗಬೇಕು’ ಎಂದರು ಒಬ್ಬರು. ‘ಮೊದಲು ಸಾಲ ತೀರಿಸು, ಹೆದರಿಕೆ ತಾನೇ ಹೋಗುತ್ತೆ’ ಎಂದರು ಇನ್ನೊಬ್ಬರು. ಸಾಲದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇನ್ನೂ ಬಾಕಿ ಇದೆ. ಹೆದರಿಕೆ ಹೋಗಿ ವರ್ಷದ ಮೇಲಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸಣ್ಣ ವ್ಯಾಪಾರ. ದೊಡ್ಡ ಗಿರಾಕಿಯೊಬ್ಬರು ಹಣ ಕೊಡದೆ ಕೈಯೆತ್ತಿಬಿಟ್ಟರು. ಸುಮಾರು ಎರಡು ವರ್ಷದ ಗಳಿಕೆಯಷ್ಟು ಸಾಲ ತಲೆ ಮೇಲೆ ಬಿತ್ತು. ಬಡ್ಡಿಗೇ ತಿಂಗಳ ಆದಾಯದ ಕಾಲುಭಾಗ ಹೋಗುತ್ತಿತ್ತು. ರಾತ್ರಿ ಮೂರರ ಹೊತ್ತಿಗೆ ಎಚ್ಚರ. ಅಂಗೈ ತಣ್ಣಗೆ, ಬೆನ್ನೆಲ್ಲ ಬೆವರು. ಫೋನ್ ತೆಗೆದು ಖಾತೆಯಲ್ಲಿ ಎಷ್ಟಿದೆ ನೋಡುತ್ತಿದ್ದೆ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಯಾರು ಹಣ ಹಾಕುತ್ತಾರೆ, ಅಲ್ವಾ? ಆದರೂ ಕೈ ಸುಮ್ನೆ ಇರುತ್ತಿರಲಿಲ್ಲ.

ಮಾಡದ ಪ್ರಯತ್ನವಿಲ್ಲ. ಉಪವಾಸ ಮಾಡಿದೆ. ಹಸಿದ ಹೊಟ್ಟೆಗೆ ರಾತ್ರಿ ಇನ್ನೂ ಉದ್ದವಾಯಿತು. ಇಯರ್‌ಫೋನ್ ಕಿವಿಗೆ ಹಾಕಿಕೊಂಡು ರಾತ್ರಿಯಿಡೀ ಕೀರ್ತನೆಗಳನ್ನು ಕೇಳಿದೆ. ನಿದ್ದೆ ಬಂತು, ಎಚ್ಚರವಾದರೆ ಭಯ ಅಲ್ಲೇ ಇತ್ತು. ಬೈಬಲಿನಲ್ಲಿ ‘ಹೆದರಬೇಡ’ ಎಂಬ ಮಾತು 365 ಸಲ ಇದೆ, ದಿನಕ್ಕೊಂದು ಎಂದು ಎಲ್ಲರೂ ಹೇಳುತ್ತಾರಲ್ಲ, ಅದನ್ನೂ ಕೂತು ಎಣಿಸಿದೆ. ನನಗೆ ಸಿಕ್ಕಿದ್ದು ನೂರು ಚಿಲ್ಲರೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿಗೆ ಬರೆದುಕೊಂಡೆ. ಪುಸ್ತಕ ತುಂಬಿತು, ಅಷ್ಟೇ.

ಹಣದ ವಿಷಯ ಹೇಳಲೇಬೇಕು. ವಿಶೇಷ ಪ್ರಾರ್ಥನೆ ಮಾಡಿಸಿದರೆ ಬಿಡುಗಡೆ ಖಂಡಿತ ಎಂದು ಒಬ್ಬರು ಭರವಸೆ ಕೊಟ್ಟರು. ಸುಮಾರು ಅರ್ಧ ಕಂತಿನಷ್ಟು ಕಾಣಿಕೆ ಕೊಟ್ಟೆ. ಆಮೇಲೆ ಭಯ ಜಾಸ್ತಿಯೇ ಆಯಿತು. ಕೊಟ್ಟದ್ದು ಸಾಲದೇನೋ, ದೇವರಿಗೆ ನನ್ನ ಮೇಲೆ ಇನ್ನೂ ಕೋಪವಿದೆಯೇನೋ ಎಂಬ ಯೋಚನೆ ಶುರುವಾಯಿತು. ನನ್ನ ರೋಗ ಎಲ್ಲಿದೆ ಎಂದು ಗೊತ್ತಾದದ್ದು ಅಲ್ಲೇ. ಸಾಲದ ಭಯದ ಕೆಳಗೆ ಬೇರೊಂದು ಭಯ ಕೂತಿತ್ತು: ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ.

ಬೈಬಲಿನ ಯೋಹಾನನ ಮೊದಲನೆಯ ಪತ್ರ 4:18 ನಿಮಗೆ ಬಾಯಿಪಾಠ ಇರುತ್ತದೆ. ಪೂರ್ಣ ಪ್ರೀತಿ ಹೆದರಿಕೆಯನ್ನು ಓಡಿಸುತ್ತದೆ ಎನ್ನುವ ಆ ವಚನವೇ ಹೆದರಿಕೆಗೂ ಶಿಕ್ಷೆಗೂ ಇರುವ ನಂಟನ್ನು ಹೇಳುತ್ತದೆ. ನಾವೆಲ್ಲ ನೇರವಾಗಿ ಅಲ್ಲಿಗೇ ಹೋಗುತ್ತೇವೆ. ಹೋದರೆ ‘ನನ್ನ ಪ್ರೀತಿ ಪೂರ್ಣವಾಗಿಲ್ಲ’ ಎಂಬ ಇನ್ನೊಂದು ಚಿಂತೆ ಹುಟ್ಟುತ್ತದೆ. ಅದೇ ಅಧ್ಯಾಯವನ್ನು 7ನೇ ವಚನದಿಂದ ಓದಿ. 10ನೇ ವಚನದಲ್ಲಿ ನಿಂತುಬಿಡಿ. ನಾವು ದೇವರನ್ನು ಪ್ರೀತಿಸಿದ್ದಲ್ಲ, ಆತನೇ ಮೊದಲು ನಮ್ಮನ್ನು ಪ್ರೀತಿಸಿ ಮಗನನ್ನು ಕಳುಹಿಸಿದ ಎಂದು ಅಲ್ಲಿದೆ. ನಮ್ಮ ಶಿಕ್ಷೆಯ ಲೆಕ್ಕ ಶಿಲುಬೆಯ ಮೇಲೆ ಮುಗಿದಿದೆ. ಹಾಗಿದ್ದ ಮೇಲೆ ಬ್ಯಾಂಕಿನವರ ಕಾಗದವನ್ನು ದೇವರ ಕೋಪದ ಕಾಗದ ಎಂದು ನಾನೇಕೆ ಓದಬೇಕು? ನಾನು ಆರೇಳು ವಾರ ಆ ಭಾಗ ಬಿಟ್ಟು ಬೇರೇನೂ ಓದಲಿಲ್ಲ.

ಎಚ್ಚರವಾದಾಗ ಮಾಡಿದ್ದು ಇಷ್ಟು. ಫೋನ್ ಬೇರೆ ಕೋಣೆಯಲ್ಲಿಟ್ಟೆ. ಎದ್ದು ಕೂತು, ಹೆದರಿಕೆಯನ್ನು ಮೊತ್ತ ಸಮೇತ ಬಾಯಿಬಿಟ್ಟು ತಂದೆಯಾದ ದೇವರಿಗೆ ಹೇಳಿದೆ. ‘ಇಷ್ಟು ಬಾಕಿ, ಇಂಥ ದಿನ ಕಟ್ಟಬೇಕು, ಕೈಯಲ್ಲಿ ಇಷ್ಟಿದೆ, ಹೆದರಿಕೆಯಾಗುತ್ತಿದೆ.’ ಧೈರ್ಯದ ಮಾತು ಒಂದೂ ಆಡಲಿಲ್ಲ. ಹೆದರಿಕೆಯಾದಾಗ ನಿನ್ನನ್ನು ನಂಬುತ್ತೇನೆ ಎಂದು 56ನೇ ಕೀರ್ತನೆಯಲ್ಲಿ ದಾವೀದನೂ ಹೆದರಿಕೆಯನ್ನು ಒಪ್ಪಿಕೊಂಡೇ ನಂಬುತ್ತಾನೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತನ್ನ ಸಂಕಟವನ್ನು ಬಚ್ಚಿಡಲಿಲ್ಲ. ಅದಾದ ಮೇಲೆ ದೇವರಿಗೆ ನಾನು ಹೇಳುವ ಒಂದು ಚಿಕ್ಕ ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮತ್ತು ಆತನ ನಡುವಿನದು. ನಿಮ್ಮದು ನಿಮಗೇ ಸಿಗುತ್ತದೆ.

ಬೆಳಿಗ್ಗೆಯಾದರೆ, ಹೆದರಿ ಮುಂದೂಡಿದ್ದ ಕೆಲಸಗಳಲ್ಲಿ ಒಂದನ್ನು ಮುಗಿಸುವುದು. ಮೊದಲ ವಾರ ಒಂದು ಲಕೋಟೆ ಒಡೆದೆ. ಎಂಟು ತಿಂಗಳಿಂದ ಡ್ರಾಯರಿನಲ್ಲಿತ್ತು, ಅಂಟು ಒಣಗಿ ತಾನೇ ಬಿಟ್ಟುಕೊಂಡಿತ್ತು. ಒಳಗಿದ್ದ ಮೊತ್ತ ನಾನು ಎಣಿಸಿಕೊಂಡಿದ್ದಕ್ಕಿಂತ ಕಡಿಮೆ. ಸಾಲ ಕೊಟ್ಟವರಿಗೆ ನಾನೇ ಫೋನ್ ಮಾಡಿದೆ. ಇಬ್ಬರು ಕಂತು ಇಳಿಸಿದರು, ಒಬ್ಬರು ಬೈದರು. ಬೈಸಿಕೊಂಡ ರಾತ್ರಿಯೂ ನಿದ್ದೆ ಬಂತು ನೋಡಿ, ಆಗಲೇ ಇದು ಕೆಲಸ ಮಾಡುತ್ತಿದೆ ಎಂದು ಗೊತ್ತಾಯಿತು.

ನಡುವೆ ಬೈಬಲಿನ ಪ್ರವಾದಿ ಎಲೀಯನ ದಾರಿಯನ್ನೂ ಹಿಡಿದು ನೋಡಿದೆ. ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಸಾಯುತ್ತೇನೆ ಎಂದವನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ. ನಾನೂ ಬೇಗ ಉಂಡು ಬೇಗ ಮಲಗಿದೆ. ಉಪವಾಸಕ್ಕಿಂತ ಇದರಿಂದಲೇ ಉಪಯೋಗವಾಯಿತು. ಹಗಲಲ್ಲೂ ಎದೆ ಡವಡವ ಅನ್ನುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನಾನು ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಅದನ್ನು ಅಪನಂಬಿಕೆ ಎಂದವರಿಗೆ, ಅಪೊಸ್ತಲ ಪೌಲನ ಜೊತೆಗಾರ ಲೂಕನೇ ವೈದ್ಯನಾಗಿದ್ದ ಎಂದು ನೆನಪಿಸಿದೆ.

ಅಂದು ಒಪ್ಪದವರಲ್ಲಿ ಇಬ್ಬರು ಈಗ ರಾತ್ರಿ ಎಚ್ಚರವಾದರೆ ನನಗೆ ಫೋನ್ ಮಾಡುತ್ತಾರೆ. ಇದನ್ನು ಹೇಳಿಕೊಳ್ಳಲು ನನಗೆ ಖುಷಿಯೇ. ಈಗ ಅಮ್ಮನ ಕಾಯಿಲೆಯ ಭಯ ಬಂದಿದೆ. ಇದು ಸಾಲದಂತಲ್ಲ, ಕಂತು ಕಟ್ಟಿ ತೀರಿಸಲಾಗದು. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ ಕೊನೆಯಲ್ಲಿ, ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದವುಗಳ ಪಟ್ಟಿಯಿದೆ. ಪೌಲ ಶುರು ಮಾಡಿದ್ದೇ ಮರಣದಿಂದ. ಈ ತಿಂಗಳಿಂದ ಅಮ್ಮನೂ ನಾನೂ ಅದನ್ನು ಒಟ್ಟಿಗೆ ಓದುತ್ತಿದ್ದೇವೆ. ದಪ್ಪ ಅಕ್ಷರದ ಬೈಬಲ್ ಅವರ ಮಡಿಲಲ್ಲಿರುತ್ತದೆ, ಜೋರಾಗಿ ಓದುವವರು ಅವರೇ.