ಗಂಡು ನ್ಯಾನಿಯ ಕಥೆ: ಮಕ್ಕಳಿಗೆ ನಗೆ ಕಾದಂಬರಿ ಬರೆಯುವುದು ಹೇಗೆ

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಮೂರು ಮಕ್ಕಳು. ನೋಡಿಕೊಳ್ಳೋಕೆ ಯಾರಾದರೂ ಬೇಕು, ಅಂದರೆ ಒಬ್ಬ ನ್ಯಾನಿ. ಬಾಗಿಲು ತೆಗೆದರೆ ಒಬ್ಬ ಗಂಡಸು ನಿಂತಿದ್ದಾನೆ, ಅದೂ ಎಲ್ಲರ ಹಾಗೆ ಇಲ್ಲದ ಗಂಡಸು. ಮಕ್ಕಳ ಹಾಸ್ಯ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಶುರು ಬೇಕಾ? ಆದರೆ ಬರೆಯಲು ಕೂತವರು ಎಡವುವುದೂ ಇಲ್ಲೇ. ಡೈಪರ್ ಬದಲಿಸೋಕೆ ಬರದೆ ಒದ್ದಾಡುವ ಗಂಡಸು, ಜಡೆ ಹಾಕೋಕೆ ಹೋಗಿ ಕೂದಲು ಗಂಟು ಮಾಡುವ ಗಂಡಸು, ಇದನ್ನೇ ಇಡೀ ಪುಸ್ತಕದ ನಗು ಅಂದುಕೊಂಡುಬಿಡುತ್ತಾರೆ.

ದಯವಿಟ್ಟು ಹಾಗೆ ಮಾಡಬೇಡಿ. ಆ ಜೋಕು ಎರಡು ಸಲಕ್ಕೆ ಮುಗಿದುಹೋಗುತ್ತದೆ, ಉಳಿದ ಪುಟಗಳಿಗೆಲ್ಲ ಏನು ಮಾಡುತ್ತೀರಿ? ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದನ್ನು ಓದುವ ಹುಡುಗ, ಮಗುವನ್ನು ಎತ್ತಿ ಆಡಿಸುವುದು ತನ್ನಂಥವನಿಗೆ ಆಗದ ಕೆಲಸ, ನಗೆಪಾಟಲಿನ ಕೆಲಸ ಅಂತ ಕಲಿಯುತ್ತಾನೆ. ಮಕ್ಕಳ ಪುಸ್ತಕ ಮಾಡಬಾರದ ಕೆಲಸ ಅದು.

ಹಾಗಾದರೆ ನಗು ಎಲ್ಲಿಂದ ಬರಬೇಕು? ನ್ಯಾನಿಗೆ ಕೆಲಸ ಚೆನ್ನಾಗಿ ಬರುತ್ತದೆ ಅನ್ನುವುದರಿಂದ. ಮಕ್ಕಳ ಸಂಗತಿಗಳನ್ನು ಅವನು ಬೇರೆ ದೊಡ್ಡವರಿಗಿಂತ ನೂರು ಪಟ್ಟು ಜಾಸ್ತಿ ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ಶೂ ಕಳೆದುಹೋದರೆ ತನಿಖೆ ಮಾಡುತ್ತಾನೆ. ಹಲ್ಲು ಅಲ್ಲಾಡಿದರೆ ಬೀಳ್ಕೊಡುಗೆ ಸಮಾರಂಭ ಇಡುತ್ತಾನೆ. ಇದೊಂದು ಗುಣ ಗಟ್ಟಿಯಾಗಿ ಕೈಗೆ ಸಿಕ್ಕಿತು ಅಂದರೆ ಅರ್ಧ ಕಾದಂಬರಿ ತಾನಾಗಿ ನಡೆಯುತ್ತದೆ.

ಅದಕ್ಕೇ ಮೊದಲು ಅವನ ಕೆಲಸವನ್ನು ನೀವು ಕಲಿಯಿರಿ. ಮಕ್ಕಳನ್ನು ನೋಡಿಕೊಳ್ಳುವುದು ಓದಿ, ಅಭ್ಯಾಸ ಮಾಡಿ ಕಲಿಯುವ ಕಸುಬು. ಲಂಡನ್ನಿನಲ್ಲಿ 1892ರಲ್ಲಿ ಎಮಿಲಿ ವಾರ್ಡ್ ಶುರು ಮಾಡಿದ ನಾರ್ಲೆಂಡ್ ಸಂಸ್ಥೆ ಇವತ್ತಿಗೂ ನ್ಯಾನಿಗಳಿಗೆ ತರಬೇತಿ ಕೊಡುತ್ತಿದೆ, ಈಗ ಗಂಡಸರೂ ಅಲ್ಲಿ ಓದಿ ಹೊರಬಂದಿದ್ದಾರೆ. ನಿಮ್ಮ ನ್ಯಾನಿಗೆ ಗೊತ್ತಿರಲೇಬೇಕಾದ ಸಂಗತಿಗಳಿವೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಕೂಸನ್ನು ಅಂಗಾತ ಮಲಗಿಸಬೇಕು. ಗುಂಡಿಯಂಥ ಪುಟ್ಟ ಬ್ಯಾಟರಿಯನ್ನು ಮಗು ನುಂಗಿತು ಅಂದರೆ ಮನೆಯಲ್ಲಿ ಕಾಯುತ್ತಾ ಕೂರುವ ಮಾತೇ ಇಲ್ಲ, ತಕ್ಷಣ ಆಸ್ಪತ್ರೆ. ಇದನ್ನೆಲ್ಲ ಕಥೆಯಲ್ಲಿ ಪಾಠದ ಹಾಗೆ ಹೇಳಬೇಕಿಲ್ಲ. ಅವನು ಹಾಡುತ್ತಾ ನೆಲದ ಮೇಲೆ ಹೊರಳಾಡುವಾಗ, ಮಾತು ನಿಲ್ಲಿಸದೆ, ಸೋಫಾ ಕೆಳಗಿನಿಂದ ಒಂದು ಪುಟ್ಟ ಬ್ಯಾಟರಿ ಎತ್ತಿ ಜೇಬಿಗೆ ಹಾಕಿಕೊಂಡರೆ ಸಾಕು. ಇವನು ಕೈಲಾಗದವನಲ್ಲ ಅಂತ ಓದುಗರಿಗೆ ಗೊತ್ತಾಗಿಬಿಡುತ್ತದೆ.

ನಗುವಿಗೂ ಇದಕ್ಕೂ ನೇರ ಸಂಬಂಧ ಇದೆ. ಪೀಟರ್ ಮೆಕ್‌ಗ್ರಾ, ಕೇಲಬ್ ವಾರನ್ ಅನ್ನುವ ಇಬ್ಬರು ಸಂಶೋಧಕರು 2010ರಲ್ಲಿ ಒಂದು ವಿವರಣೆ ಕೊಟ್ಟರು. ಏನೋ ಒಂದು ಕಟ್ಟಳೆ ಮುರಿಯಬೇಕು, ಆದರೆ ಅದರಿಂದ ಅಪಾಯ ಏನೂ ಇಲ್ಲ ಅಂತ ಅದೇ ಗಳಿಗೆಯಲ್ಲಿ ಅನ್ನಿಸಬೇಕು, ಆಗ ನಗು ಬರುತ್ತದೆ ಅಂತ. ನಮ್ಮ ಕಥೆಗೆ ಇದು ಹೇಳಿ ಮಾಡಿಸಿದಂತಿದೆ. ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ: ಅವನು ಮುರಿಯುವ ನಿಯಮಗಳು, ಎಂದೂ ಮುರಿಯದ ನಿಯಮಗಳು. ಮೇಜಿನ ಮೇಲೆ ಊಟ ಮಾಡುವ ಬದಲು ಮೇಜಿನ ಕೆಳಗೆ ಮಾಡಿಸಬಹುದು. ಮಳೆಯಲ್ಲಿ ಕೊಡೆ ತಲೆಕೆಳಗಾಗಿ ಹಿಡಿದು ನೀರು ತುಂಬಿಸಬಹುದು. ಆದರೆ ರಸ್ತೆ ದಾಟುವ ಮೊದಲು ಮಕ್ಕಳನ್ನು ಎರಡೆರಡು ಸಲ ಎಣಿಸುತ್ತಾನೆ, ಪ್ರತಿ ಸಲವೂ. ಎರಡನೇ ಪಟ್ಟಿ ಗಟ್ಟಿ ಇದ್ದಷ್ಟೂ ಮೊದಲನೆಯದರಲ್ಲಿ ನಿಮಗೆ ಸ್ವಾತಂತ್ರ್ಯ ಜಾಸ್ತಿ.

ಎರಡನೇ ಪಟ್ಟಿಯ ಮೊದಲ ಸಾಲಿನಲ್ಲಿ ಇದು ಇರಲಿ: 'ಅಪ್ಪ ಅಮ್ಮನಿಗೆ ಹೇಳಬೇಡ' ಅನ್ನುವ ಮಾತು ಅವನ ಬಾಯಲ್ಲಿ ಬರಕೂಡದು. ತಮಾಷೆಗೂ ಬರಕೂಡದು. ಹುಟ್ಟುಹಬ್ಬದ ಉಡುಗೊರೆಯನ್ನು ಎರಡು ದಿನ ಮುಚ್ಚಿಡುವುದು ಬೇರೆ, ಅದು ಹೇಗೂ ಬಯಲಾಗುವ ಸಂತೋಷ. ದೊಡ್ಡವರೊಬ್ಬರು ಮಗುವಿಗೆ ಗುಟ್ಟು ಹೊರಿಸುವುದು ಬೇರೆ. ಇವನ ಕಿತಾಪತಿ ಎಲ್ಲ ಎಲ್ಲರ ಎದುರೇ ನಡೆಯಬೇಕು, ಸಂಜೆ ಅಮ್ಮ ಬಂದ ಕೂಡಲೇ ಅವನೇ ವರದಿ ಒಪ್ಪಿಸಬೇಕು. ಆ ವರದಿಯೇ ಒಂದು ಒಳ್ಳೆಯ ಹಾಸ್ಯ ಸನ್ನಿವೇಶ ಆಗುತ್ತದೆ, ಯಾಕೆಂದರೆ ಅವನು ಏನನ್ನೂ ಮುಚ್ಚಿಡುವುದಿಲ್ಲ.

ಈಗ ಕಥೆ ಹೇಳುವವರು ಯಾರು ಅನ್ನುವುದು. ನ್ಯಾನಿ ತಾನೇ ಹೇಳಬಾರದು, ಅವನ ವಿಚಿತ್ರ ಅವನಿಗೆ ಕಾಣುವುದಿಲ್ಲ. ಮಕ್ಕಳಲ್ಲೊಬ್ಬರು 'ನಾನು' ಅಂತ ಹೇಳಲಿ. ಮೂವರಲ್ಲಿ ನಡುವಿನವನು ನನ್ನ ಆಯ್ಕೆ. ಅಕ್ಕನ ಸಿಟ್ಟೂ ಅವನಿಗೆ ಗೊತ್ತು, ತಂಗಿಯ ಹುಚ್ಚಾಟವೂ ಗೊತ್ತು, ಅವನನ್ನು ಮಾತ್ರ ಯಾರೂ ಜಾಸ್ತಿ ಗಮನಿಸುವುದಿಲ್ಲ. ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡ ಮಕ್ಕಳ ಕಥೆ ಓದಲು ಇಷ್ಟಪಡುತ್ತಾರೆ. ಎಂಟು ಒಂಬತ್ತರವರು ಓದಲಿ ಅಂತಿದ್ದರೆ ನಿಮ್ಮ ಹುಡುಗನಿಗೆ ಹತ್ತು ಇರಲಿ.

ಈ ಹುಡುಗ ತಮಾಷೆ ಮಾಡಲು ಹೋಗಬಾರದು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು. 'ಅವರನ್ನು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು' ಅಂತ ಬರೆದಿರೋ, ಓದುವ ಮಗು ನಗುವುದಿಲ್ಲ, ಅದರ ನಗುವನ್ನು ನೀವೇ ನಕ್ಕು ಮುಗಿಸಿದ್ದೀರಿ.

ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತು, ಹುಡುಗನ ಒಂದು ಶೂ ಕಾಣುತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬೈಯುತ್ತಿದ್ದರು. ಇವನು ಒಂದು ಹಾಳೆ ತೆಗೆದು, ನೀಟಾಗಿ ಬರೆದು, ಬಾಗಿಲಿಗೆ ಅಂಟಿಸುತ್ತಾನೆ:

'ಕಾಣೆಯಾಗಿದೆ. ಎಡಗಾಲಿನ ಶೂ. ವಯಸ್ಸು ಎಂಟು ತಿಂಗಳು. ಕಪ್ಪು ಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ನಾಲಿಗೆ ಹೊರಗೆ ಚಾಚಿಕೊಂಡಿರುತ್ತದೆ. ಕೊನೆಯ ಸಲ ಕಂಡದ್ದು ಸೋಫಾ ಹತ್ತಿರ. ಸುಳಿವು ಸಿಕ್ಕವರು ಬಲಗಾಲಿನ ಶೂವನ್ನು ಸಂಪರ್ಕಿಸಿ.'

ಆಮೇಲೆ ಬಲಗಾಲಿನ ಶೂವನ್ನು ಕುರ್ಚಿಯ ಮೇಲೆ ಕೂರಿಸುತ್ತಾನೆ.

"ನಿನ್ನೆ ರಾತ್ರಿ ನಿಮ್ಮಿಬ್ಬರಿಗೂ ಏನಾದರೂ ಜಗಳ ಆಯ್ತಾ?"

"ಅದು ಮಾತಾಡಲ್ಲ ಅಣ್ಣ," ಅನ್ನುತ್ತಾಳೆ ಮೂರು ವರ್ಷದ ತಂಗಿ.

"ಅದಕ್ಕೇ ನನಗೂ ಅನುಮಾನ."

ಬಾಗಿಲ ಹತ್ತಿರ ಅಕ್ಕ ಬ್ಯಾಗ್ ಹಾಕಿಕೊಂಡು ನಿಂತಿದ್ದಾಳೆ. "ನನಗೆ ಇವತ್ತು ಪರೀಕ್ಷೆ ಇದೆ. ಯಾರಿಗಾದರೂ ನೆನಪಿದೆಯಾ?"

ಶೂ ಸಿಗುವುದು ತಂಗಿಯ ಬೊಂಬೆಯ ಹಾಸಿಗೆಯಲ್ಲಿ. ಕುತ್ತಿಗೆವರೆಗೆ ಹೊದಿಕೆ ಹೊದಿಸಿ ಮಲಗಿಸಿದ್ದಾಳೆ. "ಅದಕ್ಕೆ ಜ್ವರ," ಅನ್ನುತ್ತಾಳೆ. ನ್ಯಾನಿ ಶೂವಿನ ಹಣೆ ಮುಟ್ಟಿ ನೋಡಿ, ಈಗ ಇಳಿದಿದೆ, ಶಾಲೆಗೆ ಹೋಗಬಹುದು ಅಂತ ಹೇಳುತ್ತಾನೆ.

ಇಲ್ಲಿ ಗಮನಿಸಿ. ಅವನು ಯಾರನ್ನೂ ನಗಿಸಲು ನೋಡುತ್ತಿಲ್ಲ. ಶೂ ಹುಡುಕುತ್ತಿದ್ದಾನೆ, ಅಷ್ಟೇ, ಮತ್ತು ಅದು ಸಿಗುತ್ತದೆ ಕೂಡ, ಬೈದಿದ್ದರೆ ತಂಗಿ ಬಾಯಿ ಬಿಡುತ್ತಿರಲಿಲ್ಲ. ಪುಟಾಣಿ ತಾನೂ ಒಬ್ಬ ನ್ಯಾನಿಯ ಕೆಲಸ ಮಾಡಿದ್ದಾಳೆ ಅನ್ನುವುದು ಸದ್ದಿಲ್ಲದೆ ಬಂದಿದೆ. ಅಕ್ಕನ ಸಿಟ್ಟು ಮಾತ್ರ ಹಾಗೇ ಉಳಿದಿದೆ.

ಆ ಅಕ್ಕನನ್ನು ಚೆನ್ನಾಗಿ ಬರೆಯಿರಿ, ಇಡೀ ಕಾದಂಬರಿ ನಿಂತಿರುವುದೇ ಅವಳ ಮೇಲೆ. ನ್ಯಾನಿಯನ್ನು ಎಲ್ಲರೂ ಮೊದಲ ದಿನವೇ ಇಷ್ಟಪಟ್ಟುಬಿಟ್ಟರೆ ಕಥೆ ಮುಂದೆ ಹೋಗುವುದಿಲ್ಲ, ಸುಮ್ನೆ ಒಂದಾದ ಮೇಲೊಂದು ತಮಾಷೆ ಸಾಲಾಗಿ ನಿಲ್ಲುತ್ತದೆ. ವಿರೋಧ ಬೇಕು. ಅವಳನ್ನು ಸಿಡುಕಿ ಅಂತ ಮಾಡಿ ಕೈತೊಳೆದುಕೊಳ್ಳಬೇಡಿ, ಅವಳ ದೂರಿನಲ್ಲಿ ನ್ಯಾಯ ಇರಲಿ. ಹದಿಮೂರರ ಹುಡುಗಿಗೆ ಗೆಳತಿಯರ ಎದುರು ಎಲ್ಲರ ಹಾಗೆ ಕಾಣಬೇಕು ಅನ್ನಿಸುವುದು ಸಣ್ಣ ಸಂಗತಿ ಅಲ್ಲ. ಶಾಲೆಯ ಗೇಟಿನ ಹತ್ತಿರ ಇವನು ರಾಜನ ಪೋಷಾಕಿನಲ್ಲಿ ಬಂದು ನಿಂತರೆ ತಮ್ಮನಿಗೆ ಹಬ್ಬ, ಅವಳಿಗೆ ನೆಲ ಬಾಯಿ ಬಿಡಬಾರದಾ ಅನ್ನಿಸುತ್ತದೆ. ಎರಡೂ ನಿಜ. ಒಂದು ಕಡೆ ನ್ಯಾನಿ ಅವಳ ಹತ್ತಿರ ಮನಸಾರೆ ಕ್ಷಮೆ ಕೇಳಬೇಕು, ತಮಾಷೆ ಬೆರೆಸದೆ ಕೇಳಬೇಕು. ಪುಸ್ತಕದಲ್ಲಿ ನಗು ಇಲ್ಲದ ಒಂದೆರಡು ಪುಟ ಇದ್ದರೆ ಅದು ಇಲ್ಲಿರಲಿ.

ಇನ್ನು ಒಂದೇ ತಮಾಷೆಯನ್ನು ಮತ್ತೆ ಮತ್ತೆ ತರುವ ಕೆಲಸ. ಮಕ್ಕಳಿಗೆ ಇದು ಬಹಳ ಇಷ್ಟ, ಬರುತ್ತದೆ ಅಂತ ಕಾಯುತ್ತಿರುತ್ತಾರೆ. ಆದರೆ ಪ್ರತಿ ಸಲ ಒಂದು ಹೊಸದು ಸೇರಬೇಕು. ಆ 'ಕಾಣೆಯಾಗಿದೆ' ಹಾಳೆಯನ್ನೇ ನೋಡಿ. ಮೊದಲ ಸಲ ನ್ಯಾನಿ ಬರೆದ. ಎರಡನೇ ಸಲ ಕಥೆ ಹೇಳುವ ಹುಡುಗನೇ ಬರೆಯುತ್ತಾನೆ: 'ಕಾಣೆಯಾಗಿದೆ. ಅಮ್ಮನ ತಾಳ್ಮೆ. ಕೊನೆಯ ಸಲ ಕಂಡದ್ದು ಸೋಮವಾರ.' ಮೂರನೇ ಸಲ, ಬಹಳ ಅಧ್ಯಾಯಗಳ ನಂತರ, ಏನೋ ಕಾರಣಕ್ಕೆ ನ್ಯಾನಿ ಮನೆಗೆ ಬರುವುದು ನಿಂತಿದೆ. ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಹಾಳೆ. ಅಕ್ಷರ ಅಕ್ಕನದು. ಅವನ ಎತ್ತರ, ಅವನ ಸವೆದ ಚಪ್ಪಲಿ, ನಗುವ ಮೊದಲು ಮೂಗು ಸುಕ್ಕು ಮಾಡುವ ಅಭ್ಯಾಸ, ಎಲ್ಲ ಬರೆದಿದ್ದಾಳೆ. ಅವನನ್ನು ಇಷ್ಟು ದಿನ ಬೈದವಳೇ ಎಲ್ಲರಿಗಿಂತ ಹತ್ತಿರದಿಂದ ನೋಡಿದ್ದಾಳೆ. ಇದನ್ನು ನೀವು ಎಲ್ಲೂ ವಿವರಿಸಬೇಡಿ. ಹಾಳೆಯನ್ನು ಪೂರ್ತಿ ಕೊಟ್ಟು ಅಧ್ಯಾಯ ಮುಗಿಸಿ.

ವಯಸ್ಸಿಗೆ ತಕ್ಕ ನಗು ಯಾವುದು ಅನ್ನುವುದೂ ಗೊತ್ತಿರಲಿ. ಮಕ್ಕಳ ಹಾಸ್ಯ ಹೇಗೆ ಬೆಳೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಪಾಲ್ ಮೆಕ್‌ಗೀ 1970ರ ದಶಕದಲ್ಲಿ ಸಾಕಷ್ಟು ಕೆಲಸ ಮಾಡಿದ್ದಾರೆ. ತೀರಾ ಚಿಕ್ಕವರಿಗೆ ವಸ್ತುಗಳು ತಮ್ಮ ಜಾಗ ಬಿಟ್ಟು ಬೇರೆಲ್ಲೋ ಇದ್ದರೆ ನಗು, ಸಾಕ್ಸನ್ನು ಕಿವಿಗೆ ಹಾಕಿಕೊಂಡ ಹಾಗೆ. ಏಳರ ಹತ್ತಿರ ಬಂದಾಗ ಒಂದೇ ಮಾತಿಗೆ ಎರಡು ಅರ್ಥ ಹಿಡಿಯಲು ಶುರು, ಒಗಟು ಕೇಳಿ ಕೇಳಿ ಪ್ರಾಣ ತಿನ್ನುವ ವಯಸ್ಸು ಅದು. ವ್ಯಂಗ್ಯದಲ್ಲಿ ತಮಾಷೆ ಕಾಣುವುದು ಅದಕ್ಕಿಂತ ತಡವಾಗಿ. ಅದಕ್ಕೇ ನ್ಯಾನಿಯ ಬಾಯಲ್ಲಿ ಚುಚ್ಚುಮಾತು ಬೇಡ. ಚಿಕ್ಕ ಓದುಗರಿಗೆ ಅದು ಬರೀ ಬೈಗುಳದ ಹಾಗೆ ಕೇಳಿಸುತ್ತದೆ, ಅವನು ನಿಜವಾಗಲೂ ಕೆಟ್ಟವನು ಅಂದುಕೊಳ್ಳುತ್ತಾರೆ.

ಅಪ್ಪ ಅಮ್ಮನನ್ನು ಖಳರನ್ನಾಗಿ ಮಾಡುವ ಆಸೆ ಬರುತ್ತದೆ, ಸುಲಭ ಅಲ್ವಾ? ಮಾಡಬೇಡಿ. ದುಡಿದು ಸುಸ್ತಾಗಿ ಬರುವ ತಂದೆತಾಯಿ ಇರುವ ಮನೆಯ ಮಗುವೇ ಈ ಪುಸ್ತಕ ಓದುವುದು. ನ್ಯಾನಿ ಅವರ ಜಾಗಕ್ಕೆ ಬಂದವನಲ್ಲ, ಅವರ ಜೊತೆಗೆ ಬಂದವನು. ಅಮ್ಮ ಒಂದು ದಿನ ಬೇಗ ಬಂದು ಮೇಜಿನ ಕೆಳಗೆ ತೂರಿಕೊಂಡು ಊಟಕ್ಕೆ ಕೂರಲಿ, ಅವಳ ತಲೆ ಮೇಜಿಗೆ ಟಣ್ ಅಂತ ತಾಗಲಿ. ನ್ಯಾನಿಗೂ ಒಂದು ಸ್ವಂತ ಬದುಕು ಇರಲಿ, ಒಂದು ಸಣ್ಣ ನೋವು ಇರಲಿ. ಹುಡುಗನಿಗೆ ಅದರ ಅಂಚು ಮಾತ್ರ ಕಂಡರೆ ಸಾಕು.

ಮಕ್ಕಳು ಅವನನ್ನು ಏನಂತ ಕರೆಯುತ್ತಾರೆ ಅನ್ನುವುದನ್ನು ಮೊದಲೇ ನಿರ್ಧರಿಸಿ. ತಂಗಿಗೆ ಅವನು ಅಣ್ಣ, ಬಾಯಿ ತುಂಬ ಕರೆಯುತ್ತಾಳೆ. ಅಕ್ಕ ಅರ್ಧ ಪುಸ್ತಕದವರೆಗೆ ಏನೂ ಕರೆಯದೆ 'ರೀ' ಅಂತಲೇ ಓಡಿಸಬಹುದು. ಅವಳು ಮೊದಲ ಸಲ ಅಣ್ಣ ಅಂದದ್ದನ್ನು ಹುಡುಗ ಗಮನಿಸಿದರೆ ಆಯಿತು.

ಉದ್ದದ ಬಗ್ಗೆ ಹೇಳುವುದಾದರೆ, ಎಂಟರಿಂದ ಹನ್ನೆರಡರವರ ಕಾದಂಬರಿ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 30,000ದಿಂದ 50,000 ಪದ ಇರುತ್ತದೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಅಷ್ಟೇ ಕಥೆಗೆ ಕಡಿಮೆ ಪದ ಸಾಕು, ಆ ಲೆಕ್ಕಕ್ಕೆ ಕಟ್ಟುಬೀಳಬೇಡಿ. ನಿಮ್ಮ ಅಧ್ಯಾಯವನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಹತ್ತು ನಿಮಿಷದ ಆಸುಪಾಸು ಇದ್ದರೆ ಮಲಗುವ ಹೊತ್ತಿಗೆ ಒಂದು ಅಧ್ಯಾಯ ಅಂತ ಓದಿಸಿಕೊಳ್ಳುತ್ತದೆ.

ಕರಡು ಮುಗಿದ ಮೇಲೆ ನಿಮ್ಮ ಪರಿಚಯ ಅಷ್ಟಾಗಿ ಇಲ್ಲದ ಮಕ್ಕಳಿಗೆ ಓದಿ ಹೇಳಿ. ನಿಮ್ಮ ಮಕ್ಕಳು ಬೇಡ, ಅವರು ಪ್ರೀತಿಗೆ ನಗುತ್ತಾರೆ. 'ಚೆನ್ನಾಗಿತ್ತಾ' ಅಂತ ಕೇಳಬೇಡಿ, ಹೌದು ಅಂತಲೇ ಅನ್ನುತ್ತಾರೆ. ಗೆಳೆಯನಿಗೆ ಇದರಲ್ಲಿ ಯಾವುದನ್ನು ಹೇಳುತ್ತೀಯ ಅಂತ ಕೇಳಿ. ಓದುವಾಗ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಂಡು, ಅವರ ಕಣ್ಣು ಕಿಟಕಿ ಕಡೆ ಹೋದ ಜಾಗಕ್ಕೆಲ್ಲ ಒಂದು ಗೆರೆ ಎಳೆಯಿರಿ. ಆ ಗೆರೆಗಳು ಹೆಚ್ಚಾಗಿ ದೊಡ್ಡವರು ದೊಡ್ಡವರೊಂದಿಗೆ ಮಾತಾಡುವ ಕಡೆ ಬಿದ್ದಿರುತ್ತವೆ. ಮೊದಲ ಕತ್ತರಿ ಅಲ್ಲಿಗೆ ಹಾಕಿ. ಅಮ್ಮ ಅಪ್ಪ ಸಂಬಳದ ಬಗ್ಗೆ ಮಾತಾಡಲೇಬೇಕು ಅಂತಿದ್ದರೆ, ತಂಗಿ ಅದೇ ಕೋಣೆಯಲ್ಲಿ ಶೂವಿಗೆ ಔಷಧಿ ಕುಡಿಸುತ್ತಿರಲಿ.