ಟಸ್ಕನಿಗೆ ಹೋಗೋರು ಕಾಂಪಿಲ್ಯಾಗೆ ಒಂದು ದಿನ ಇಟ್ಕೊಳ್ಳಿ

ಇಟಲಿ ಟ್ರಿಪ್ ಪ್ಲಾನ್ ಮಾಡ್ತಿರೋರಿಗೆ ಒಂದು ಮಾತು. ಫ್ಲಾರೆನ್ಸ್, ಪೀಸಾ ಎಲ್ಲ ನೋಡಿ ಜನಜಂಗುಳಿ ಸಾಕಾಗಿದ್ರೆ ಕಾಂಪಿಲ್ಯಾ ಮರಿತ್ತಿಮಾಗೆ ಹೋಗಿ, ಗುಡ್ಡದ ಮೇಲಿರೋ ಹಳೇ ಊರು, ಕಲ್ಲಿನ ಓಣಿಗಳು, ಮೇಲ್ಗಡೆ ಕೋಟೆ, ಅಲ್ಲಿಂದ ಸಮುದ್ರ ಕಾಣ್ಸತ್ತೆ.

ಟ್ರೈನಲ್ಲಿ ಹೋಗೋರು ಒಂದು ಗಮನಿಸಿ, ಪೀಸಾ-ರೋಮ್ ಲೈನಲ್ಲಿ ಊರಿನ ಹೆಸರಿನದ್ದೇ ಸ್ಟೇಷನ್ ಇದೆ ಆದ್ರೆ ಅದು ಊರಲ್ಲಿಲ್ಲ, ಕೆಳಗೆ ವೆಂಟುರೀನಾದಲ್ಲಿದೆ, ಅಲ್ಲಿಂದ ಬಸ್ಸೋ ಟ್ಯಾಕ್ಸಿನೋ ಬೇಕು, ಲಗೇಜ್ ಹೊತ್ಕೊಂಡು ಹತ್ತೋಕೆ ಹೋಗ್ಬೇಡಿ. ಭಾನುವಾರ ಬಸ್ ಟೈಮಿಂಗ್ ಮೊದಲೇ ನೋಡ್ಕೊಳ್ಳಿ.

ಮುಖ್ಯವಾಗಿ ನೋಡ್ಬೇಕಾದ್ದು ಊರಾಚೆ ಇರೋ ಸಾನ್ ಸಿಲ್ವೆಸ್ತ್ರೊ ಗಣಿ ಪಾರ್ಕ್. ಎಟ್ರಸ್ಕನ್ನರ (ರೋಮನ್ನರಿಗಿಂತ ಮುಂಚೆ ಇಲ್ಲಿದ್ದ ಜನ) ಕಾಲದಿಂದ 20ನೇ ಶತಮಾನದವರೆಗೂ ಇಲ್ಲಿ ತಾಮ್ರ, ಸೀಸ, ಬೆಳ್ಳಿ ಅಂತ ಅಗೀತಾನೇ ಇದ್ರು. ಗಣಿಯೊಳಗೆ ಗೈಡ್ ಜೊತೆ ಹೋಗ್ಬೇಕು, ಹೊರಗೆ ಎಷ್ಟೇ ಬಿಸ್ಲಿದ್ರೂ ಒಳಗೆ ತಂಪು, ಮಕ್ಕಳಿಗೆ ಸ್ವೆಟರ್ ಮರೀಬೇಡಿ.

ಆಮೇಲೆ ರೊಕ್ಕಾ ಸಾನ್ ಸಿಲ್ವೆಸ್ತ್ರೊ, ಗಣಿ ಕೆಲಸದವರಿಗೋಸ್ಕರಾನೇ ಮಧ್ಯಯುಗದಲ್ಲಿ ಕಟ್ಟಿದ ಹಳ್ಳಿ, 14ನೇ ಶತಮಾನದಲ್ಲಿ ಜನ ಬಿಟ್ಟುಹೋದ್ರು. 1984ರಿಂದ ಸಿಯೆನಾ ಯೂನಿವರ್ಸಿಟಿಯವರು ಅಗೆದು ಹೊರಗೆ ತೆಗೆದಿದ್ದು. ಮನೆಗೋಡೆ, ಚರ್ಚು, ಅದಿರು ಕರಗಿಸ್ತಿದ್ದ ಜಾಗ ಎಲ್ಲ ಇನ್ನೂ ಗುರ್ತು ಸಿಗತ್ತೆ. ಆ ಕಲ್ಲುಗಳ ಮಧ್ಯೆ ಕೂತ್ರೆ ಗಾಳಿ ಬಿಟ್ರೆ ಬೇರೆ ಸದ್ದಿಲ್ಲ, ನಂಗಂತೂ ಎದ್ದು ಬರೋಕೇ ಮನಸ್ಸಾಗ್ಲಿಲ್ಲ.

ಹತ್ತೋ ದಾರಿ ಕಲ್ಲುಕಲ್ಲು, ಚಪ್ಲಿ ಬೇಡ, ಗ್ರಿಪ್ ಇರೋ ಶೂ ಹಾಕ್ಕೊಳ್ಳಿ, ನೀರು ಜಾಸ್ತಿ ಇಟ್ಕೊಳ್ಳಿ. ಚಳಿಗಾಲದಲ್ಲಿ ಪಾರ್ಕ್ ತೆಗೆಯೋ ದಿನ ಕಮ್ಮಿ, ಟಿಕೆಟ್ ತಗೊಳ್ಳೋ ಮುಂಚೆ ವಿಚಾರಿಸ್ಕೊಳ್ಳಿ.