ಬೀಟ್‌ರೂಟ್ ಸಿಹಿಯಾಗಬೇಕೆ? ಸಸಿ ಇರುವಾಗಲೇ ಕತ್ತರಿ ಹಿಡಿಯಿರಿ

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೀಟ್‌ರೂಟ್ ಹೊಸ ಬೆಳೆಯೇನಲ್ಲ. ಆದರೂ ಹಿತ್ತಲಲ್ಲಿ, ತಾರಸಿಯ ಮೇಲೆ ಹಾಕಿದವರದ್ದು ಒಂದೇ ದೂರು: ಸೊಪ್ಪು ಸೊಂಪಾಗಿ ಬಂತು, ಗಡ್ಡೆ ಮಾತ್ರ ಹೆಬ್ಬೆರಳು ದಪ್ಪ, ಸಿಹಿ ಸೊನ್ನೆ. ಬೀಜದಂಗಡಿಯವರನ್ನು ಬೈಯುವ ಮುಂಚೆ, ಸಸಿಗೆ ತಿಂಗಳು ತುಂಬುವುದರೊಳಗೆ ನೀವೇನು ಮಾಡಿದಿರಿ ಅಂತ ನೋಡಿಕೊಳ್ಳಿ.

ಬಿತ್ತನೆ ಸುಲಭ. ಅಕ್ಟೋಬರ್–ನವೆಂಬರ್‌ನಲ್ಲಿ ಕೆಂಪು ಮಣ್ಣನ್ನು ಒಂದಡಿ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಸಾಲಿಂದ ಸಾಲಿಗೆ ಒಂದಡಿ ಬಿಟ್ಟು ಬೀಜ ಹಾಕಿ. ಕೊಳವೆಬಾವಿ ನೀರು ಉಪ್ಪಾಗಿದ್ದರೆ ಮೊಳಕೆ ಬರುವ ತನಕವಾದರೂ ಸಿಹಿನೀರು ಕೊಡಿ. ಬೆಳೆದ ಗಿಡ ಉಪ್ಪು ತಡೆಯುತ್ತದೆ, ಮೊಳಕೆ ತಡೆಯುವುದಿಲ್ಲ.

ಜನ ಕೆಡಿಸುವುದು ಇದರ ಮುಂದಿನ ಹಂತವನ್ನೇ. ಬೀಟ್‌ರೂಟ್ ಬೀಜ ಎಂದು ನಾವು ಹಾಕುವ ಒರಟು ಉಂಡೆ ಒಂದೇ ಬೀಜವಲ್ಲ, ಅಂಟಿಕೊಂಡ ಬೀಜಗಳ ಗೊಂಚಲು. ಒಂದು ಉಂಡೆಯಿಂದ ಎರಡು, ಮೂರು, ಕೆಲವೊಮ್ಮೆ ನಾಲ್ಕು ಸಸಿ ಏಳುತ್ತವೆ. "ಪಾಪ, ಹುಟ್ಟಿದ್ದನ್ನು ಯಾಕೆ ಕೀಳೋದು" ಎಂದು ಹಾಗೇ ಬಿಟ್ಟರೆ ನಾಲ್ಕೂ ಕಿತ್ತಾಡಿಕೊಂಡು ಗಡ್ಡೆ ಸಣ್ಣದಾಗಿಯೇ ಉಳಿಯುತ್ತದೆ.

ಕಾರಣ ಬೇರಿನೊಳಗಿದೆ. ಎಲೆ ಬಿಸಿಲಲ್ಲಿ ತಯಾರಿಸಿದ ಸಕ್ಕರೆ ಸುಕ್ರೋಸ್ ರೂಪದಲ್ಲಿ ಬೇರಿಗೆ ಇಳಿಯುತ್ತದೆ. ಎಳೆಯ ಬೇರು ಅದನ್ನು ಕೂಡಿಡುವುದಿಲ್ಲ. ಇನ್ವರ್ಟೇಸ್ ಎಂಬ ಕಿಣ್ವ ಅದನ್ನು ಗ್ಲುಕೋಸ್, ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಬೇರು ಅವನ್ನು ಹೊಸ ಜೀವಕೋಶ ಕಟ್ಟಲು ಖರ್ಚು ಮಾಡುತ್ತದೆ. ಗಡ್ಡೆ ಕೊಯ್ದಾಗ ಕಾಣುವ ಉಂಗುರಗಳು ಈ ಜೀವಕೋಶಗಳದ್ದೇ; ಅವುಗಳಲ್ಲಿ ಹೆಚ್ಚಿನವು ಬೇರು ಸಣ್ಣದಿರುವಾಗಲೇ ಮೂಡಿರುತ್ತವೆ. ಆಮೇಲೆ ಆ ಕಿಣ್ವದ ಆಟ ತಗ್ಗುತ್ತದೆ. ಬಂದ ಸುಕ್ರೋಸ್ ಒಡೆಯದೆ ಜೀವಕೋಶದ ಒಳಗಿರುವ ರಸದ ಚೀಲದಲ್ಲಿ ಸೇರುತ್ತಾ ಹೋಗುತ್ತದೆ. ಸಿಹಿ ಬರುವುದು ಆಗ. ಮೊದಲ ವಾರಗಳಲ್ಲಿ ಬಿಸಿಲಿಗೂ ಜಾಗಕ್ಕೂ ಜಗಳವಾಡಿದ ಸಸಿಗೆ ತುಂಬಿಡಲು ಕಣಜವೇ ಕಟ್ಟಿರುವುದಿಲ್ಲ.

ಹಾಗಾಗಿ ಮೂರ್ನಾಲ್ಕು ಎಲೆ ಬಂದ ಕೂಡಲೇ ಸಂಜೆ ಹೊತ್ತು ನೀರು ಹಾಯಿಸಿ, ಕೂತುಕೊಂಡು ಕೆಲಸ ಶುರುಮಾಡಿ. ಗುಂಪಿನಲ್ಲಿ ಕಾಂಡ ನೆಟ್ಟಗಿರುವ, ದಪ್ಪಗಿರುವ ಒಂದನ್ನು ಆರಿಸಿ. ಬರೀ ಎತ್ತರ ನೋಡಬೇಡಿ, ನೆರಳಿಗೆ ಸಿಕ್ಕಿದ್ದೂ ಉದ್ದವಾಗಿಯೇ ಇರುತ್ತದೆ. ಮಿಕ್ಕವನ್ನು ಕೀಳಲೂಬೇಡಿ. ಬೇರುಗಳು ಹೆಣೆದುಕೊಂಡಿರುತ್ತವೆ, ಒಂದನ್ನು ಎಳೆದರೆ ಪಕ್ಕದ್ದೂ ಅಲುಗುತ್ತದೆ. ಸಣ್ಣ ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಿ. ಗಿಡದಿಂದ ಗಿಡಕ್ಕೆ ಎಂಟು–ಹತ್ತು ಸೆಂಟಿಮೀಟರ್ ಇರಲಿ, ಅಂದರೆ ನಾಲ್ಕು ಬೆರಳಿಗಿಂತ ಸ್ವಲ್ಪ ಜಾಸ್ತಿ. ಕತ್ತರಿಸಿದ್ದನ್ನು ಇನ್ನೊಂದು ಕಡೆ ನೆಡುವ ಆಸೆ ಬಿಟ್ಟು ಬೆರಕೆ ಸೊಪ್ಪಿನ ಜೊತೆ ಸಾರಿಗೆ ಹಾಕಿ, ಅದಕ್ಕಿಂತ ಎಳೆ ಸೊಪ್ಪು ಮತ್ತೆ ಸಿಗುವುದಿಲ್ಲ.

ಉಳಿದ ಗಿಡದ ಎಲೆಗೆ ಮಾತ್ರ ದಿನಾ ಕೈ ಹಾಕಬೇಡಿ. ಸಕ್ಕರೆ ತಯಾರಾಗುವುದೇ ಅಲ್ಲಿ.

ಬೇರಿಗೆ ಬೆಲ್ಲದ ನೀರು ಹಾಕಿದರೆ ಗಡ್ಡೆ ಸಿಹಿಯಾಗುತ್ತದಂತೆ! ಅದು ಇರುವೆಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಔತಣ, ಅಷ್ಟೇ. 'ಗಡ್ಡೆ ಉಬ್ಬಿಸುವ ಟಾನಿಕ್' ಎಂದು ಮಾರುವ ಬಾಟಲಿಗೂ ದುಡ್ಡು ಸುರಿಯಬೇಡಿ, ಒಳಗೇನಿದೆ ಎಂದು ಎಷ್ಟೋ ಸಲ ಚೀಟಿಯಲ್ಲೇ ಬರೆದಿರುವುದಿಲ್ಲ. ಯೂರಿಯಾ ಕೊಡುವವರು ಮೊದಲ ತಿಂಗಳಲ್ಲೇ ನಿಲ್ಲಿಸಿ; ಆಮೇಲೆ ಕೊಟ್ಟರೆ ಗಿಡ ಸಕ್ಕರೆಯನ್ನು ಹೊಸ ಎಲೆಗೆ ಸುರಿಯುತ್ತದೆ. ಗಡ್ಡೆಯೊಳಗೆ ಕಪ್ಪು ಕಲೆ ಕಂಡರೆ ಬೋರಾನ್ ಎಂಬ ಪೋಷಕಾಂಶದ ಕೊರತೆಯೇ ಎಂದು ಮಣ್ಣು ಪರೀಕ್ಷೆ ಮಾಡಿಸಿ. ನೀರು ಒಂದೇ ಹದದಲ್ಲಿರಲಿ, ಒಣಗಿಸಿ ಒಮ್ಮೆಲೇ ಹಾಯಿಸಿದರೆ ಗಡ್ಡೆ ಸೀಳುತ್ತದೆ.

ಚಳಿಗಾಲವನ್ನೇ ಹೇಳಿದ್ದು ಸುಮ್ಮನೆ ಅಲ್ಲ. ಗಿಡ ರಾತ್ರಿಯೂ ಉಸಿರಾಡುತ್ತದೆ, ಸಕ್ಕರೆ ಉರಿಸುತ್ತದೆ. ರಾತ್ರಿ ತಂಪಿದ್ದಷ್ಟೂ ಉಳಿತಾಯ. ಸೆಕೆಗೆ ಬಣ್ಣವೂ ಕೆಡುತ್ತದೆ: ಏಪ್ರಿಲ್‌ನಲ್ಲಿ ಬೆಳೆದ ಗಡ್ಡೆ ಕೊಯ್ದರೆ ಬಿಳಿ ಉಂಗುರಗಳು ಎದ್ದು ಕಾಣುತ್ತವೆ.

ಎರಡು ತಿಂಗಳ ಆಸುಪಾಸಿನಲ್ಲಿ, ಗಡ್ಡೆ ಕ್ರಿಕೆಟ್ ಚೆಂಡಿನಷ್ಟಾಗುವ ಮೊದಲೇ ಕೀಳಿ. ಎಲೆಯನ್ನು ಬುಡಕ್ಕೆ ಕತ್ತರಿಸಬೇಡಿ. ಎರಡು ಬೆರಳು ತೊಟ್ಟು ಉಳಿಸಿ ತಿರುಚಿ ತೆಗೆಯಿರಿ, ಇಲ್ಲವಾದರೆ ಬೇಯಿಸುವಾಗ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ತೊಳೆಯದೆ, ಮಣ್ಣು ಕೊಡವಿ ಇಡಿ.